ಏನ್ ಸಾರು ಇವತ್ತು?

(ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಅವಸರದಲ್ಲಿ ಹೇಳಿ ಮುಗಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಯಾರಾದರೂ ಎದುರು ಸಿಕ್ಕರೆ ಮೊದಲು ಕೇಳೋದು "ಊಟ ಆಯ್ತಾ?" ಅಂತ. ಆಯ್ತು ಅಂದರೆ ಮಾತು ಅಲ್ಲಿಗೆ ನಿಲ್ಲೋದಿಲ್ಲ. "ಏನ್ ಸಾರು ಇವತ್ತು?" ಅಂತ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಯಲ್ಲಿ ಇದಕ್ಕೆ ಬರುತ್ತಿದ್ದ ಉತ್ತರಗಳು ಇನ್ನೂ ಕಿವಿಯಲ್ಲಿವೆ. ಹುರುಳಿಕಾಳು ಬಸ್ಸಾರು. ಅಣ್ಣೆಸೊಪ್ಪಿನ ಮಸ್ಸೊಪ್ಪು. ಅಲಸಂದೆಕಾಳು. ಚಳಿಗಾಲ ಬಂದರೆ ಹಿತಕಿದ ಅವರೆಬೇಳೆ. ಮಳೆ ಬಿದ್ದು ಹದಿನೈದು ದಿನ ಆಗಿದ್ದರೆ ಎಲ್ಲರ ಮನೆಯಲ್ಲೂ ಬೆರಕೆ ಸೊಪ್ಪು.

ಕಳೆದ ಸಲ ರಜೆಗೆ ಊರಿಗೆ ಹೋದಾಗ ಬೇಕು ಅಂತಲೇ ಮನೆ ಮನೆಗೂ ಹೋಗಿ ಇದೇ ಪ್ರಶ್ನೆ ಕೇಳಿಕೊಂಡು ಬಂದೆ. "ಟಮಟೆ ಸಾರು" ಅಂದರು. ಮುಂದಿನ ಮನೆಯಲ್ಲೂ ಟಮಟೆ ಸಾರು. ಇನ್ನೊಂದು ಮನೆಯಲ್ಲಿ "ಬರೀ ಸಾರು ಕಣಕ್ಕ" ಅಂದರು. ಕೊನೆಯ ಮನೆಯ ಅಜ್ಜಿ ಮಾತ್ರ ಸ್ವಲ್ಪ ಹೊತ್ತು ನನ್ನ ಮುಖ ನೋಡಿತು. "ಸಾರು ಏನ್ ಕೇಳ್ತೀಯವ್ವ, ಖಾರದ ನೀರು" ಅಂದಿತು. ಆ ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಮೂಲೆಯಲ್ಲಿ ರೇಷನ್ ಅಕ್ಕಿಯ ಚೀಲ ತುಂಬಿಕೊಂಡೇ ಇತ್ತು. ಅಜ್ಜಿ ಹೇಳಿದ್ದು ಹಸಿವಿನ ಮಾತಲ್ಲ. ಅನ್ನದ ಪಕ್ಕದಲ್ಲಿ ಏನೂ ಇಲ್ಲ ಅನ್ನುವ ಮಾತು. ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಅದನ್ನೇ.

ನೀವು ಕೊಟ್ಟ ವಿಷಯ ಆಹಾರದ ಮರುಭೂಮಿ. ಅಂದರೆ ಮೈಗೆ ಹಿಡಿಯೋ ತಾಜಾ ಆಹಾರ ಹತ್ತಿರದಲ್ಲಿ ಸಿಗದ ಜಾಗ. ಈ ಪದ ಹುಟ್ಟಿದ್ದು ನಮ್ಮಲ್ಲಲ್ಲ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು, ಆಮೇಲೆ ಅಮೆರಿಕದಲ್ಲಿ ಜಾಸ್ತಿ ಚಾಲ್ತಿಗೆ ಬಂತು. ಅಲ್ಲಿನ ಕೃಷಿ ಇಲಾಖೆ ಇದಕ್ಕೊಂದು ಅಳತೆಯನ್ನೂ ಇಟ್ಟಿತು. ಬಡವರು ಹೆಚ್ಚಿರುವ ಜಾಗ, ಜೊತೆಗೆ ಅಲ್ಲಿನ ಬಹಳ ಜನಕ್ಕೆ ದೊಡ್ಡ ದಿನಸಿ ಅಂಗಡಿ ದೂರ. ದೂರ ಅಂದರೆ ಪಟ್ಟಣದಲ್ಲಿ 1 ಮೈಲಿ, ಹಳ್ಳಿಗಾಡಿನಲ್ಲಿ 10 ಮೈಲಿ. ಅಂದರೆ 16 ಕಿಲೋಮೀಟರ್.

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹೋಬಳಿ ಸಂತೆಗೆ 13 ಕಿಲೋಮೀಟರ್. ಅಮೆರಿಕದ ಅಳತೆಗೋಲು ಇಟ್ಟರೆ ನಾವು ಮರುಭೂಮಿಯೇ ಅಲ್ಲ. ಆದರೆ ಅಲ್ಲಿ ಹಳ್ಳಿಯವರಲ್ಲೂ ಹೆಚ್ಚಿನವರು ಕಾರಿನಲ್ಲಿ ಹೋಗಿ ವಾರದ ಸಾಮಾನು ತುಂಬಿಕೊಂಡು ಬರುತ್ತಾರೆ, ಮನೆಯಲ್ಲಿ ಫ್ರಿಜ್ ಇರುತ್ತದೆ. ನಮ್ಮತ್ತಿಗೆಗೆ ಎರಡೂ ಇಲ್ಲ. ಹಾಗಾಗಿ ನಾನು ದೂರವನ್ನು ಮೈಲಿಯಲ್ಲಿ ಹೇಳೋದಿಲ್ಲ, ಕೂಲಿಯಲ್ಲಿ ಹೇಳುತ್ತೇನೆ.

ಸಂತೆ ಗುರುವಾರ. ನಮ್ಮೂರಿಂದ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಬಸ್ಸು. ಸಂತೆಯಿಂದ ವಾಪಸ್ ಬರೋ ಕೊನೆಯ ಬಸ್ಸು ಸಂಜೆ ಆರಕ್ಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಟಿಕೆಟ್ ಇಲ್ಲ. ಅದು ದೊಡ್ಡ ಉಪಕಾರ, ಅದರ ಬಗ್ಗೆ ಯಾರು ಹಗುರವಾಗಿ ಮಾತಾಡಿದರೂ ನನಗೆ ಸಿಟ್ಟು ಬರುತ್ತದೆ. ಆದರೆ ಶೇಂಗಾ ಹೊಲದಲ್ಲಿ ಕಳೆ ಕೂಲಿ ಬಿಡೋದು ಐದೂವರೆಗೆ. ಬೆಳಗಿನ ಬಸ್ಸು ಹತ್ತಿದರೆ ಕೂಲಿ ಇಲ್ಲ. ಕೂಲಿಗೆ ಹೋದರೆ ಬಸ್ಸು ಇಲ್ಲ. ನಮ್ಮತ್ತಿಗೆಯ ಒಂದು ದಿನದ ಕೂಲಿ 300 ರೂಪಾಯಿ. ಟಿಕೆಟ್ ಸೊನ್ನೆ, ಸಂತೆಗೆ ಹೋಗಿಬರೋ ಖರ್ಚು 300. ಇದನ್ನು ತರಕಾರಿಯ ಬೆಲೆಗೆ ಸೇರಿಸಿ ನೋಡಿ. ಚಿತ್ರದುರ್ಗದ ಮನೆಯ ಬಾಗಿಲಲ್ಲಿ ನಾನು ಕೊಳ್ಳುವ ಬದನೆಕಾಯಿಗಿಂತ, ಹಳ್ಳಿಯ ನನ್ನ ಅತ್ತಿಗೆ ಕೊಳ್ಳುವ ಬದನೆಕಾಯಿ ಎಷ್ಟು ದುಬಾರಿ ಅಂತ ಗೊತ್ತಾಗುತ್ತದೆ.

ಎಷ್ಟು ತರಕಾರಿ ಬೇಕು ಅನ್ನೋ ಲೆಕ್ಕವನ್ನೂ ಮಾಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಊಟ ಹೇಗಿರಬೇಕು ಅಂತ ಹೊಸ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾದ ಒಬ್ಬರ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ಹಣ್ಣು 100 ಗ್ರಾಂ ಇರಬೇಕು ಅಂತ ಅದರಲ್ಲಿದೆ. ನಮ್ಮಣ್ಣನ ಮನೆಯಲ್ಲಿ ಐದು ಜನ. ಅಣ್ಣ, ಅತ್ತಿಗೆ, ಎರಡು ಮಕ್ಕಳು, ನಮ್ಮವ್ವ. ತರಕಾರಿ ಒಂದೇ ಲೆಕ್ಕ ಹಾಕಿದರೂ ದಿನಕ್ಕೆ 2 ಕಿಲೋ, ವಾರಕ್ಕೆ 14 ಕಿಲೋ. ಮಕ್ಕಳದ್ದು ಕಡಿಮೆ ಅಂತ ಹಿಡಿದರೂ 10 ಕಿಲೋಗೆ ಕಮ್ಮಿ ಇಲ್ಲ.

ಒಂದು ಗುರುವಾರ ಅತ್ತಿಗೆಯ ಜೊತೆ ನಾನೂ ಸಂತೆಗೆ ಹೋದೆ. ಅವರ ಚೀಲಕ್ಕೆ ಬಿದ್ದದ್ದು ಇಷ್ಟು. ಈರುಳ್ಳಿ 2 ಕಿಲೋ. ಟೊಮೇಟೊ 2 ಕಿಲೋ, ಅದರಲ್ಲಿ ಅರ್ಧ ಕಾಯಿ, ಯಾಕೆಂದರೆ ಹಣ್ಣು ಭಾನುವಾರದವರೆಗೆ ಉಳಿಯೋದಿಲ್ಲ. ಆಲೂಗೆಡ್ಡೆ 1 ಕಿಲೋ. ಬದನೆಕಾಯಿ ಒಂದು ಕಿಲೋ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಕಟ್ಟು ಕೊತ್ತಂಬರಿ. ಮೆಂತ್ಯ ಸೊಪ್ಪಿನ ಮುಂದೆ ನಿಂತು ಮುಟ್ಟಿ ನೋಡಿ ಬಿಟ್ಟರು. "ಇವತ್ತೇ ಮಾಡ್ಬೇಕು ಇದ್ನ. ಇವತ್ತು ಆಯ್ತಲ್ಲ ಬದನೇಕಾಯಿ" ಅಂದರು. ಎಲ್ಲ ಸೇರಿ 6 ಕಿಲೋ ಚಿಲ್ಲರೆ. 14 ಕಿಲೋದ ಅರ್ಧವೂ ಇಲ್ಲ. ಆ 6 ಕಿಲೋದಲ್ಲಿ ಹೆಚ್ಚಿನದು ಸಾರಿಗೆ ಹುಳಿ, ಒಗ್ಗರಣೆಗೆ ವಾಸನೆ ಕೊಡೋ ಪದಾರ್ಥ. ತಿನ್ನೋ ತರಕಾರಿ ಅಂತ ಇದ್ದದ್ದು ಬದನೆಕಾಯಿ ಮತ್ತೆ ಆಲೂಗೆಡ್ಡೆ. ಶನಿವಾರಕ್ಕೆ ಅವೂ ಖಾಲಿ. ಭಾನುವಾರದಿಂದ ಬುಧವಾರದವರೆಗೆ ಮತ್ತೆ ಟಮಟೆ ಸಾರು, ಹುಣಸೆ ಗೊಜ್ಜು.

ಇದರ ಗುರುತು ನನಗೆ ಶಾಲೆಯಲ್ಲೂ ಸಿಗುತ್ತದೆ. ನಾನು ಟೀಚರ್. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಒಂದು ಸಲ ಹೇಳಿದರು: "ಸೋಮವಾರ ಸಾಂಬಾರು ಸ್ವಲ್ಪ ಜಾಸ್ತಿನೇ ಇಡ್ತೀನಿ ಮಿಸ್. ಭಾನುವಾರ ಮನೇಲಿದ್ದು ಬಂದಿರ್ತವೆ." ಅವರು ಯಾವ ಸಮೀಕ್ಷೆಯನ್ನೂ ಓದಿದವರಲ್ಲ. ಸೌಟು ಹಿಡಿದು ಅಷ್ಟು ವರ್ಷ ನಿಂತಿದ್ದರಿಂದ ಗೊತ್ತಾಗಿದೆ. ಸಮೀಕ್ಷೆ ಹೇಳೋದೂ ಅದನ್ನೇ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು. ನನ್ನ ಕ್ಲಾಸಿನ ಹೆಣ್ಣುಮಕ್ಕಳು ಬೆಳಗಿನ ಪ್ರಾರ್ಥನೆಗೆ ನಿಂತಲ್ಲೇ ಕುಸಿದು ಬಿದ್ದಾಗ ನಾವು "ತಿಂಡಿ ತಿಂದಿಲ್ವೇನೇ?" ಅಂತ ಗದರುತ್ತಿದ್ದೆವು. ತಿಂದೇ ಬಂದಿರುತ್ತಿದ್ದರು. ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿದ ಚಿತ್ರಾನ್ನ, ಒಂದು ಲೋಟ ಟೀ.

ಅಕ್ಕಿಯ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅನ್ನಭಾಗ್ಯ ಶುರುವಾದದ್ದು 2013ರಲ್ಲಿ. ಅದಕ್ಕೆ ಮೊದಲು ನಮ್ಮವ್ವ ಬೇಸಿಗೆಯಲ್ಲಿ ಸಾಲ ಮಾಡಿ ಧಾನ್ಯ ತರುತ್ತಿದ್ದಳು. ಆ ಸಾಲಕ್ಕೆ ಮುಂದಿನ ಕೊಯ್ಲಿನಲ್ಲಿ ಕಡಿಮೆ ಕೂಲಿಗೆ ದುಡಿಯಬೇಕಿತ್ತು. ಪುಕ್ಕಟೆ ಅಕ್ಕಿ ಬಂದಮೇಲೆ ಆ ಹಂಗು ತಪ್ಪಿತು. "ಇಷ್ಟಕ್ಕೆ ಬರಲ್ಲ" ಅಂತ ಹೇಳೋ ಧೈರ್ಯ ಹೆಂಗಸರಿಗೆ ಬಂತು. ಜನ ಸೋಮಾರಿಗಳಾದರು ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ, ನನ್ನವ್ವನ ಕೈ ನೋಡಿದ್ದೇನೆ.

ಆದರೆ ಅಕ್ಕಿ ಮನೆ ಬಾಗಿಲ ಹತ್ತಿರ ಬಂತು, ಅದರ ಜೊತೆ ಸೊಪ್ಪು ತರಕಾರಿ ಬರಲಿಲ್ಲ. 2023ರ ಜುಲೈನಿಂದ, ಮೊದಲಿನ 5 ಕಿಲೋ ಜೊತೆ ಕೊಡುತ್ತೇವೆ ಅಂದಿದ್ದ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ ಅದರ ಬದಲು ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ನಮ್ಮತ್ತಿಗೆಗೆ ಅದರಲ್ಲಿ ಬೇಳೆ ತರೋಕೆ ಆಗುತ್ತಿತ್ತು. 2025ರ ಫೆಬ್ರವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿ, ತಲೆಗೆ 10 ಕಿಲೋ. ಐದು ಜನರ ಮನೆಗೆ ತಿಂಗಳಿಗೆ 50 ಕಿಲೋ. ಅಷ್ಟು ಅಕ್ಕಿ ತಿನ್ನೋಕಾಗದೆ ಕೆಲವರು ಮಾರಿದರು. ಮಾರಿದರು ಅಂತ ಟಿವಿಯಲ್ಲಿ ಬೈದರು. ಮಾರಿದ ದುಡ್ಡಲ್ಲಿ ಏನು ತಂದಿರಿ ಅಂತ ಯಾರೂ ಕೇಳಲಿಲ್ಲ. ನಾನು ಕೇಳಿದೆ. ಎಣ್ಣೆ, ಬೇಳೆ, ಮಕ್ಕಳ ಪುಸ್ತಕ. ಕೊನೆಗೆ 2025ರ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವು ಇರುವ ಕಿಟ್ ಕೊಡೋಕೆ ಸಚಿವ ಸಂಪುಟ ಒಪ್ಪಿತು. ನಮ್ಮೂರಿನ ಹೆಂಗಸರು ತಮ್ಮ ಚೀಲದ ಅಕ್ಕಿ ಮಾರಿ ಹೇಳಿದ್ದ ಮಾತು ಅದೇ ಆಗಿತ್ತು.

ಊರಲ್ಲಿ ಅಂಗಡಿ ಇಲ್ವಾ ಅಂತ ನೀವು ಕೇಳಬಹುದು. ಇದೆ, ಎರಡಿವೆ. ಬೀಡಿ, ಬೆಂಕಿಪೊಟ್ಟಣ, ಟೀಪುಡಿ, ಸೋಪು, ಎಣ್ಣೆ ಪ್ಯಾಕೆಟ್ಟು, ಬಾಗಿಲಿನ ಉದ್ದಕ್ಕೂ ಮಾಲೆ ಕಟ್ಟಿದ ಹಾಗೆ ಐದು ರೂಪಾಯಿಯ ಕುರ್ಕುರೆ ಪೊಟ್ಟಣಗಳು. ತರಕಾರಿ ಅಂತ ಈರುಳ್ಳಿ ಒಂದು ಬುಟ್ಟಿ. ಅಂಗಡಿಯವನ ತಪ್ಪು ಇದರಲ್ಲಿ ಇಲ್ಲ. ನಾನೇ ಕೇಳಿದ್ದೇನೆ, "ಸೊಪ್ಪು ಯಾಕೆ ತರಲ್ಲ ಅಣ್ಣ?" ಅಂತ. "ತಂದ್ರೆ ಸಂಜೆಗೆ ಬಾಡ್ತದೆ ಮೇಡಂ. ಬಾಡಿದ್ದು ನನ್ ಮೈಮೇಲೆ. ಪೊಟ್ಟಣ ಆರು ತಿಂಗಳು ಕೆಡಲ್ಲ, ಖರ್ಚಾಗ್ದಿದ್ರೆ ಕಂಪನಿಯೋನು ವಾಪಸ್ ತಗೊಂತಾನೆ" ಅಂದ. ಆ ಕಂಪನಿಯ ವ್ಯಾನು ನಮ್ಮೂರಿನ ಕೊನೆಯ ಅಂಗಡಿಯ ಬಾಗಿಲವರೆಗೆ ವಾರಕ್ಕೊಂದು ಸಲ ಬರುತ್ತದೆ. ಮಣ್ಣಿನ ರಸ್ತೆಯಲ್ಲೂ ಬರುತ್ತದೆ, ಮಳೆಯಲ್ಲೂ ಬರುತ್ತದೆ. ಹುರಿದ ಹಿಟ್ಟಿನ ಪೊಟ್ಟಣಕ್ಕೆ ಇರುವ ಆ ವ್ಯವಸ್ಥೆ ಒಂದು ಕಟ್ಟು ಸೊಪ್ಪಿಗೆ ಇಲ್ಲ.

ಇನ್ನೊಂದು ಸಂಗತಿ ಹೇಳುತ್ತೇನೆ, ನನಗೆ ಬಹಳ ನೋವು ಕೊಡುವ ಸಂಗತಿ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು ಅಂತ ನಿಮಗೆಲ್ಲ ಗೊತ್ತು. ಸುತ್ತಲಿನ ಹೊಲಗಳಲ್ಲಿ ಬೆಳೆಯೋದು ಶೇಂಗಾ. ಆ ಶೇಂಗಾವನ್ನು ಬಿತ್ತಿ, ಕಳೆ ತೆಗೆದು, ಕಿತ್ತು, ಕಾಯಿ ಬಿಡಿಸಿದ ನಮ್ಮತ್ತಿಗೆ ಅಡುಗೆಗೆ ಹಾಕೋದು ಪಾಮೋಲಿನ್. ಆ ತಾಳೆ ಎಣ್ಣೆ ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಶೇಂಗಾ ಎಣ್ಣೆ ಅವರ ಕೂಲಿಗೆ ಎಟುಕೋದಿಲ್ಲ. ಈರುಳ್ಳಿ ಕತೆಯೂ ಅಷ್ಟೇ. ಹೊಲದಿಂದ ಲಾರಿ ಹತ್ತಿ ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಗೆ ಹೋಗುತ್ತದೆ. ಹಳ್ಳಿಯಲ್ಲಿ ಬೆಳೆದದ್ದನ್ನು ಹಳ್ಳಿಯವರು ಮತ್ತೆ ಕೊಂಡುಕೊಳ್ಳಬೇಕಾದರೆ ಅದು ಮಂಡಿಗೆ ಹೋಗಿ, ದಲ್ಲಾಳಿಯ ಕೈ ದಾಟಿ, ಸಂತೆಗೆ ಬರಬೇಕು. ಬಾಡಿಗೆ ಎರಡು ಸಲ ಬೀಳುತ್ತದೆ. ಹಾಗಂತ ರೈತನನ್ನು ಬೈಯಲಾರೆ. ಹೊಲದ ಬದುವಿನಲ್ಲೇ ಅರ್ಧ ಕಿಲೋ, ಕಾಲು ಕಿಲೋ ತೂಗಿ ಮಾರುತ್ತಾ ಕೂತರೆ ಅವನ ಸಾಲ ತೀರೋದಿಲ್ಲ.

ಮೊದಲು ಹೀಗಿರಲಿಲ್ಲ ಅಂದರೆ ಹಳೆಯ ಕಾಲವನ್ನು ಹೊಗಳುತ್ತಾಳೆ ಅಂದುಕೊಳ್ಳಬೇಡಿ. ಹಳೆಯ ಕಾಲದಲ್ಲಿ ಹೊಟ್ಟೆತುಂಬ ಊಟ ಇರಲಿಲ್ಲ, ಅದು ನನಗೆ ಗೊತ್ತು. ಆದರೆ ತಟ್ಟೆಗೆ ಬೀಳುತ್ತಿದ್ದ ಬಗೆಗಳು ಜಾಸ್ತಿ ಇದ್ದವು. ಅದಕ್ಕೆ ಕಾರಣ ಅಕ್ಕಡಿ ಸಾಲು. ನಿಮ್ಮಲ್ಲಿ ಹೊಲ ಇರುವವರಿಗೆ ಗೊತ್ತಿರುತ್ತದೆ. ರಾಗಿ ಬಿತ್ತುವಾಗ ಆರೋ ಎಂಟೋ ಸಾಲಿಗೊಂದು ಅಕ್ಕಡಿ ಸಾಲು ಬಿಡುತ್ತಿದ್ದರು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಒಂದೊಂದು ಜೋಳದ ದಂಟು. ಶೇಂಗಾ ಹೊಲದಲ್ಲಾದರೆ ತೊಗರಿ, ಹರಳು, ಅಲಸಂದೆ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಆ ಸಾಲಿನ ಬೆಳೆ ಮಾರಾಟಕ್ಕಲ್ಲ, ಮನೆಗೆ. ಕೊಯ್ಯೋಕೆ ಬಂದ ಕೂಲಿ ಹೆಂಗಸರ ಮಡಿಲಿಗೂ ಎರಡು ಹಿಡಿ ಬೀಳುತ್ತಿತ್ತು. ನಮ್ಮವ್ವನಿಗೆ ಸ್ವಂತ ಹೊಲ ಇರಲಿಲ್ಲ. ಆದರೂ ನಮ್ಮನೆಯ ಮಡಕೆಯಲ್ಲಿ ಬೂದಿ ಬೆರೆಸಿಟ್ಟ ಅವರೆಕಾಳು ಯುಗಾದಿಯವರೆಗೂ ಇರುತ್ತಿತ್ತು.

ಆ ಸಾಲು ಹೋದದ್ದು ಹೇಗೆ ಅನ್ನೋದನ್ನು ಗಮನಿಸಬೇಕು. ಯಾರೂ ಅದನ್ನು ಬೇಡ ಅಂತ ತೀರ್ಮಾನ ಮಾಡಲಿಲ್ಲ. ರಾಗಿ ಕೊಯ್ಯೋಕೆ ಆಳು ಸಿಗದೆ ಕಟಾವು ಮಿಷನ್ ಬಂತು. ಮಿಷನ್ ಓಡಬೇಕಾದರೆ ಹೊಲದಲ್ಲಿ ಒಂದೇ ಬೆಳೆ ಇರಬೇಕು, ನಡುವೆ ತೊಗರಿ ಗಿಡ ನಿಂತಿರಬಾರದು. ಜಿಲ್ಲೆಯ ಮಳೆ ಸ್ವಲ್ಪ ಜಾಸ್ತಿ ಇರುವ ಕಡೆ ಮೆಕ್ಕೆಜೋಳ ಬಂತು. ಮೆಕ್ಕೆಜೋಳಕ್ಕೆ ಅಟ್ರಜಿನ್ ಅನ್ನೋ ಕಳೆನಾಶಕ ಹೊಡೆಯುತ್ತಾರೆ. ಅದು ಮೆಕ್ಕೆಜೋಳವನ್ನು ಬಿಟ್ಟು ಅಗಲ ಎಲೆಯ ಸಸಿಗಳನ್ನೆಲ್ಲ ಸುಡುತ್ತದೆ. ಅವರೆ, ತೊಗರಿ, ಅಲಸಂದೆ ಎಲ್ಲವೂ ಅಗಲ ಎಲೆಯವೇ. ಹಾಗಾಗಿ ಅಕ್ಕಡಿ ಹಾಕೋ ಮಾತೇ ಇಲ್ಲ. ಬೆಳೆದ ಮೆಕ್ಕೆಜೋಳ ಹೆಚ್ಚಾಗಿ ಹೋಗೋದು ಕೋಳಿ ಆಹಾರದ ಕಾರ್ಖಾನೆಗೆ.

ಕಳೆನಾಶಕ ಇನ್ನೊಂದನ್ನೂ ತೆಗೆದುಕೊಂಡು ಹೋಯಿತು. ಬೆರಕೆ ಸೊಪ್ಪು. ನಿಮ್ಮಲ್ಲಿ ಎಷ್ಟು ಜನ ಅಣ್ಣೆಸೊಪ್ಪನ್ನು ನೋಡಿ ಗುರುತಿಸುತ್ತೀರಿ? (ನಾಲ್ಕೈದು ಕೈ ಮೇಲೆದ್ದವು.) ಗೋಣಿಸೊಪ್ಪು? ಹೊನಗೊನ್ನೆ? ಗಣಿಕೆ ಸೊಪ್ಪು? (ಕೈಗಳು ಕಡಿಮೆಯಾದವು.) ಇವುಗಳಿಗೆ ಬೀಜ ಬಿತ್ತೋರು ಯಾರೂ ಇರಲಿಲ್ಲ, ನೀರು ಹಾಕೋರು ಇರಲಿಲ್ಲ. ಮಳೆ ಬಿದ್ದರೆ ತಾವೇ ಹುಟ್ಟುತ್ತಿದ್ದವು. ರೈತನಿಗೆ ಅದು ಕಳೆ, ಕಳೆ ಕೀಳೋಕೆ ಬಂದ ಹೆಂಗಸಿಗೆ ಅದು ರಾತ್ರಿಯ ಸಾರು. ಕಳೆ ತೆಗೆಯುತ್ತಲೇ ಚಿಗುರು ಚಿವುಟಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಸಾಯಂಕಾಲ ಮನೆಗೆ ಬರುವಾಗ ಕೂಲಿಯೂ ಇರುತ್ತಿತ್ತು, ಸೊಪ್ಪೂ ಇರುತ್ತಿತ್ತು. ಈಗ ಒಬ್ಬ ಗಂಡಸು ಬೆನ್ನಿಗೆ ಪಂಪು ಕಟ್ಟಿಕೊಂಡು ಅರ್ಧ ದಿನದಲ್ಲಿ ಎರಡು ಎಕರೆ ಹೊಡೆದು ಮುಗಿಸುತ್ತಾನೆ. ಹತ್ತು ಹೆಂಗಸರ ಕೂಲಿ ಹೋಯಿತು, ಹತ್ತು ಮನೆಯ ಸೊಪ್ಪೂ ಹೋಯಿತು. ಎರಡೂ ಒಂದೇ ಡಬ್ಬಿಯಲ್ಲಿ ಹೋದವು. ಉಳಿದ ಬದುಗಳಲ್ಲಿ ಸೊಪ್ಪು ಕಂಡರೂ ನಮ್ಮವ್ವ ಈಗ ಕೀಳೋದಿಲ್ಲ. "ಔಷಧಿ ಹೊಡ್ದವ್ರೋ ಏನೋ, ಮಕ್ಕಳು ತಿಂತವೆ" ಅನ್ನುತ್ತಾಳೆ.

ಇಲ್ಲಿ ಜಾತಿಯ ಮಾತನ್ನು ಬಿಟ್ಟು ಮುಂದೆ ಹೋದರೆ ನಾನು ಸುಳ್ಳು ಹೇಳಿದ ಹಾಗೆ. ಹಿತ್ತಲಲ್ಲಿ ತರಕಾರಿ ಬೆಳೆಯಿರಿ ಅಂತ ಹೇಳೋದು ಸುಲಭ. ಊರಿನ ಒಳಗೆ ಇರುವವರಿಗೆ ಹಿತ್ತಲು ಇದೆ, ಕೊಟ್ಟಿಗೆ ಇದೆ, ತಿಪ್ಪೆ ಇದೆ. ನಮ್ಮ ಕಾಲೋನಿಯಲ್ಲಿ 20x30ರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆಗಳಿವೆ. ಮನೆ ಮುಂದೆ ಚರಂಡಿ, ಮನೆ ಹಿಂದೆ ಇನ್ನೊಬ್ಬರ ಮನೆ. ಬೇರೆಯವರ ಬದುವಿನಲ್ಲಿ ಸೊಪ್ಪು ಕೀಳಬೇಕಾದರೂ ಅವರ ಮುಖ ನೋಡಿಕೊಂಡು ಕೀಳಬೇಕು. ಮಾಂಸದ ವಿಷಯವೂ ಹೀಗೆಯೇ. ನಮ್ಮ ಕೇರಿಯಲ್ಲಿ ಭಾನುವಾರಕ್ಕೆ ಕಡಿಮೆ ದುಡ್ಡಿಗೆ ಸಿಗುತ್ತಿದ್ದದ್ದು ದನದ ಮಾಂಸ. ಉಳಿದದ್ದನ್ನು ದಾರಕ್ಕೆ ಪೋಣಿಸಿ ಒಣಗಿಸಿ ಇಡುತ್ತಿದ್ದರು, ಕಾಳಿನ ಜೊತೆ ಬೇಯಿಸಿದರೆ ಒಂದು ವಾರದ ಸಾರಿಗೆ ರುಚಿ, ಮೈಗೆ ಶಕ್ತಿ. 2021ರಲ್ಲಿ ಜಾನುವಾರು ಹತ್ಯೆ ತಡೆಯುವ ಹೊಸ ಕಾಯ್ದೆ ಜಾರಿಗೆ ಬಂದಮೇಲೆ ಅದೂ ಕಷ್ಟವಾಯಿತು. ಕುರಿ ಮಾಂಸ ಅವರಿಗೆ ಹಬ್ಬಕ್ಕೆ ಮಾತ್ರ. ತಿನ್ನಬೇಕೋ ಬೇಡವೋ ಅನ್ನೋ ವಾದಕ್ಕೆ ನಾನು ಹೋಗೋದಿಲ್ಲ. ತಟ್ಟೆಯಿಂದ ಒಂದನ್ನು ತೆಗೆದಾಗ ಅದರ ಜಾಗಕ್ಕೆ ಏನನ್ನು ಇಟ್ಟಿರಿ ಅಂತ ಮಾತ್ರ ಕೇಳುತ್ತೇನೆ.

ಸರಿ, ಏನು ಮಾಡಬೇಕು? ಊರಿಗೊಂದು ದೊಡ್ಡ ಅಂಗಡಿ ಬಂದುಬಿಟ್ಟರೆ ಸರಿಹೋಗುತ್ತದೆ ಅಂತ ಅಮೆರಿಕದಲ್ಲೂ ಬಹಳ ಜನ ಅಂದುಕೊಂಡಿದ್ದರು. 2019ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರು ಲಕ್ಷಾಂತರ ಬಿಲ್ಲುಗಳನ್ನು ಜಾಲಾಡಿ ನೋಡಿದರು. ಬಡವರ ಮತ್ತು ಸಿರಿವಂತರ ಊಟದ ನಡುವಿನ ಅಂತರದಲ್ಲಿ ಅಂಗಡಿ ಹತ್ತಿರ ಇಲ್ಲ ಅನ್ನೋ ಕಾರಣಕ್ಕೆ ಸಲ್ಲುವ ಪಾಲು ಹತ್ತರಲ್ಲಿ ಒಂದು ಭಾಗ ಮಾತ್ರ ಅಂತ ಕಂಡುಕೊಂಡರು. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ನಾಳೆ ನಮ್ಮೂರಲ್ಲೇ ತರಕಾರಿ ಅಂಗಡಿ ತೆರೆದರೂ ಕೂಲಿ ಸಿಗದ ವಾರದಲ್ಲಿ ಅತ್ತಿಗೆ ಅದರ ಮುಂದೆ ಹಾದು ಹೋಗಬೇಕಷ್ಟೇ. ಆರು ಗಂಟೆಗೆ ಹೊಲದಿಂದ ಬಂದು, ನೀರು ಹಿಡಿದು, ಒಲೆ ಹಚ್ಚುವವಳಿಗೆ ಕಾಳು ಬೇಯಿಸುವ ಹೊತ್ತು ಇರೋದಿಲ್ಲ, ಅದೂ ನಿಜ. ದುಡ್ಡು, ಹೊತ್ತು, ದಾರಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ಆದರೂ ಕೆಲವು ಕೆಲಸಗಳು ನಡೆಯುತ್ತಿವೆ, ಅವುಗಳನ್ನು ನೋಡಿದ್ದೇನೆ. ಶಾಲೆಯ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಶುರುವಾದದ್ದು ಈಗ ಇಡೀ ರಾಜ್ಯಕ್ಕೆ ಬಂದಿದೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರದ 6 ದಿನವೂ ಕೊಡುತ್ತಿದ್ದೇವೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊಟ್ಟೆಯಲ್ಲಿ ನನಗೆ ಇಷ್ಟವಾದ ಗುಣ ಏನು ಅಂದರೆ ಅದಕ್ಕೆ ಕಲಬೆರಕೆ ಮಾಡೋಕಾಗೋದಿಲ್ಲ, ಅರ್ಧ ಬಡಿಸೋಕಾಗೋದಿಲ್ಲ. ಎಣಿಸಬಹುದು. ನೂರು ಮಕ್ಕಳಿದ್ದರೆ ನೂರು ಮೊಟ್ಟೆ. ಆದರೆ ಎರಡು ತಿಂಗಳು ಬೇಸಿಗೆ ರಜೆಯಲ್ಲಿ ಆ ಮಕ್ಕಳ ತಟ್ಟೆಗೆ ಏನು ಬೀಳುತ್ತದೆ ಅಂತ ಯೋಚಿಸಿದರೆ ನಿದ್ದೆ ಬರೋದಿಲ್ಲ.

ಇನ್ನೊಂದು ಬಚ್ಚಲು ನೀರಿನ ಗಿಡ. ನಮ್ಮ ಸೀಮೆಯಲ್ಲಿ ಮಳೆಯೇ ಕಡಿಮೆ, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಕುಡಿಯೋ ನೀರನ್ನು ಗಿಡಕ್ಕೆ ಹಾಕಿ ಅಂತ ಹೇಳೋ ಬಾಯಿ ನನಗಿಲ್ಲ. ಆದರೆ ಪಾತ್ರೆ ತೊಳೆದ ನೀರು, ಸ್ನಾನದ ನೀರು ಪ್ರತಿ ಮನೆಯಿಂದ ಚರಂಡಿಗೆ ಹೋಗುತ್ತದೆ. ನಮ್ಮ ಕಾಲೋನಿಯಲ್ಲಿ ಜಾಗ ಇಲ್ಲದವರೂ ಬಚ್ಚಲ ನೀರು ಹೋಗೋ ಮೂಲೆಯಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟಿದ್ದಾರೆ. ನುಗ್ಗೆಗೆ ಆರೈಕೆ ಬೇಕಿಲ್ಲ. ವರ್ಷ ತಿರುಗೋದರೊಳಗೆ ಸೊಪ್ಪು ಕೊಡುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ಮೇಲಕ್ಕೆ ಬೆಳೆಯೋದರಿಂದ ಮೇಕೆಗೂ ಎಟುಕೋದಿಲ್ಲ. ನಮ್ಮ ಶಾಲೆಯ ಕೈತೊಳೆಯುವ ನಲ್ಲಿಗಳ ನೀರನ್ನು ಒಂದು ಕಾಲುವೆಗೆ ತಿರುಗಿಸಿ ನುಗ್ಗೆ, ಪಪ್ಪಾಯಿ, ಬಸಳೆ ಹಾಕಿದ್ದೇವೆ. ಶಾಲೆ, ಅಂಗನವಾಡಿಗಳಲ್ಲಿ ಪೌಷ್ಟಿಕ ಕೈತೋಟ ಮಾಡೋಕೆ ಉದ್ಯೋಗ ಖಾತ್ರಿಯಲ್ಲಿ ಅವಕಾಶ ಇತ್ತು, ಕೆಲವು ಕಡೆ ಚೆನ್ನಾಗಿ ಮಾಡಿದ್ದಾರೆ. ಬಿಸಿಯೂಟದ ಅಕ್ಕ ಈಗ ವಾರಕ್ಕೆರಡು ದಿನ ನುಗ್ಗೆಸೊಪ್ಪನ್ನು ಸಾಂಬಾರಿಗೆ ಹಾಕುತ್ತಾರೆ. ಮಕ್ಕಳು ಮೊದಲು ಎಲೆಗಳನ್ನು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಈಗ ಅಂಚು ಖಾಲಿ ಇರುತ್ತದೆ.

ಕೊನೆಗೆ ಬಸ್ಸಿನ ವಿಷಯ. ನಿಮ್ಮಲ್ಲೊಬ್ಬರು "ಮೇಡಂ, ಒಂದೇ ಒಂದು ಬದಲಾವಣೆ ಮಾಡೋ ಅಧಿಕಾರ ಕೊಟ್ಟರೆ ಏನು ಮಾಡ್ತೀರಿ?" ಅಂತ ಚೀಟಿ ಬರೆದು ಕಳಿಸಿದ್ದೀರಿ. ನನ್ನ ಉತ್ತರ ನಿಮಗೆ ಬಹಳ ಸಣ್ಣದು ಅನ್ನಿಸಬಹುದು. ಗುರುವಾರ ಒಂದು ದಿನ ಸಂತೆಯ ಕೊನೆಯ ಬಸ್ಸನ್ನು ಆರು ಗಂಟೆಯ ಬದಲು ಎಂಟು ಗಂಟೆಗೆ ಬಿಡಿಸುತ್ತೇನೆ. ಅದಕ್ಕೆ ಜೋಡಿಯಾಗಿ, ಹೊಲದಿಂದ ಐದೂವರೆಗೆ ಬಿಟ್ಟವರು ಹೋಗೋಕೆ ಒಂದು ಬಸ್ಸು ಬಿಡಿಸುತ್ತೇನೆ, ಬರೋಕೆ ಇದೊಂದು. ಸಂತೆ ಮುಗಿಯೋ ಹೊತ್ತಿಗೆ ಸೊಪ್ಪಿನವರು ಉಳಿದದ್ದನ್ನು ಗುಡ್ಡೆ ಹಾಕಿ ಹತ್ತು ರೂಪಾಯಿಗೆ ಕೊಟ್ಟು ಹೊರಡುತ್ತಾರೆ. ಆ ಹೊತ್ತಿಗೆ ನಮ್ಮೂರಿನ ಹೆಂಗಸರು ಅಲ್ಲಿದ್ದರೆ ಕೂಲಿಯೂ ಉಳಿಯುತ್ತದೆ, ಮೆಂತ್ಯ ಸೊಪ್ಪನ್ನು ಮುಟ್ಟಿ ಬಿಟ್ಟು ಬರಬೇಕಾಗಿಲ್ಲ.

ಇದಕ್ಕಾಗಿ ನಮ್ಮೂರಿನ ಮತ್ತು ಪಕ್ಕದ ಎರಡು ಊರಿನ ಹೆಂಗಸರು ಸೇರಿ ಅರ್ಜಿ ಬರೆದೆವು. 112 ಸಹಿ, ಅದರಲ್ಲಿ ಹೆಬ್ಬೆಟ್ಟುಗಳೂ ಇವೆ. ಬಸ್ಸಿನವರ ಕಚೇರಿಗೆ ಮೊದಲ ಸಲ ಕೊಡೋಕೆ ಹೋದಾಗ ಅಲ್ಲಿನ ಸಾಹೇಬರು ಇರಲಿಲ್ಲ. ಎರಡನೇ ಸಲ ತೆಗೆದುಕೊಂಡರು, "ಕಲೆಕ್ಷನ್ ಆಗಲ್ಲಮ್ಮ, ನೋಡ್ತೀವಿ" ಅಂದರು. ಅತ್ತಿಗೆ ಅಲ್ಲೇ ನಿಂತು ಕೇಳಿದರು: "ಸಾರ್, ಒಂದು ತಿಂಗಳು ಬಿಟ್ಟು ನೋಡಿ. ಸೀಟು ಖಾಲಿ ಬಂದ್ರೆ ನಿಲ್ಸಿ." ಅದಕ್ಕೆ ಅವರು ಏನೂ ಹೇಳಲಿಲ್ಲ, ಆದರೆ ಅರ್ಜಿಯನ್ನು ಮೇಜಿನ ಮೇಲಿಂದ ಎತ್ತಿ ಫೈಲಿನೊಳಗೆ ಇಟ್ಟರು. ಅದು ಆಗಿ ಏಳು ವಾರ ಆಯಿತು. ಮುಂದಿನ ಸೋಮವಾರ ಮತ್ತೆ ಹೋಗುತ್ತಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ಬಿಡುವಿದ್ದರೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಸೇರುತ್ತೇವೆ.